ಎಣ್ಣೆ ಪೈಪ್‌ಲೈನ್ ತಪಾಸಣೆ: ಯಾವ ಲೈನಿಗೆ ಯಾವ ವಿಧಾನ?

ಮಾಹುಲ್, ಉರಣ್, ತಳೋಜಾ, ಪಾತಾಳಗಂಗಾ, ಪುಣೆಯ ಲೋಣಿ. ಈ ಕಡೆಯ ಟರ್ಮಿನಲ್, ಡಿಪೋಗಳಲ್ಲಿ ನಮ್ಮ ಕನ್ನಡದ ಹುಡುಗರು ಕಮ್ಮಿ ಇಲ್ಲ. ವಿಜಯಪುರದಲ್ಲಿ ಡಿಪ್ಲೊಮಾ ಮುಗಿಸಿ ಬಂದವರಿದ್ದಾರೆ, ಉಡುಪಿ ಕಡೆಯವರಿದ್ದಾರೆ. ಯಾರಾದರೂ ಫೋನ್ ಮಾಡಿದರೆ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಅಣ್ಣಾ, ಲೈನ್ ಇನ್‌ಸ್ಪೆಕ್ಷನ್‌ಗೆ ಮೂರು ಕೊಟೇಶನ್ ಬಂದಿವೆ. ಒಬ್ಬ ಎಂಎಫ್‌ಎಲ್ ಅಂತಾನೆ, ಇನ್ನೊಬ್ಬ ಯುಟಿ ಅಂತಾನೆ, ಮತ್ತೊಬ್ಬ ಎಲ್‌ಆರ್‌ಯುಟಿ ಸಾಕು ಅಂತಾನೆ. ಯಾವುದು ಬೆಸ್ಟು?" ಮೂರೂ ಪೈಪ್ ಗೋಡೆ ಎಷ್ಟು ಸವೆದಿದೆ ಅಂತ ನೋಡುವ ವಿಧಾನಗಳೇ: ಎಂಎಫ್‌ಎಲ್ ಆಯಸ್ಕಾಂತದಿಂದ, ಯುಟಿ ಶಬ್ದದಲೆಯಿಂದ, ಎಲ್‌ಆರ್‌ಯುಟಿ ಹೊರಗಿನಿಂದ ಪೈಪಿನ ಉದ್ದಕ್ಕೆ ಶಬ್ದದಲೆ ಬಿಟ್ಟು.

ನಾನು ವಾಪಸ್ ಒಂದು ಪ್ರಶ್ನೆ ಹಾಕುತ್ತೇನೆ. ನಿಮ್ಮ ಪೈಪಿಗೆ ಏನಾಗಿರಬಹುದು ಅಂತ ನಿಮಗೆ ಅನುಮಾನ? ಹೊರಗಿನಿಂದ ತುಕ್ಕು ತಿಂದಿದೆಯೋ, ಒಳಗಿನಿಂದಲೋ? ಸೀಮ್, ಅಂದರೆ ಪೈಪಿನ ಉದ್ದದ ಬೆಸುಗೆ ಹತ್ತಿರ ಬಿರುಕು ಇದೆಯೋ? ಯಾವನೋ ಜೆಸಿಬಿ ತಾಗಿಸಿ ಸುಮ್ನೆ ಮಣ್ಣು ಮುಚ್ಚಿ ಹೋಗಿದ್ದಾನೋ? ಇದಕ್ಕೆ ಉತ್ತರ ಇಲ್ಲದೆ ಮೆಷಿನ್ ಆರಿಸಿದರೆ ದುಡ್ಡು ಖರ್ಚಾಗುತ್ತದೆ, ದಪ್ಪನೆಯ ರಿಪೋರ್ಟ್ ಬರುತ್ತದೆ, ದೋಷ ಅಲ್ಲೇ ಇರುತ್ತದೆ. ಎಲ್ಲ ದೋಷವನ್ನೂ ಹಿಡಿಯುವ ಒಂದೇ ಉಪಕರಣ ಇನ್ನೂ ಬಂದಿಲ್ಲ. ಬಂದಿದೆ ಅಂತ ಯಾರಾದರೂ ಹೇಳಿದರೆ ಚಹಾ ಕುಡಿಸಿ ಕಳಿಸಿಬಿಡಿ.

ಮೊದಲು ಹಳೇ ಫೈಲ್ ತೆಗೆಯಿರಿ

ಪೈಪ್ ಹಾಕಿದ ವರ್ಷ, ದಪ್ಪ, ಕೋಟಿಂಗ್ ಯಾವುದು, ಒಳಗೆ ಏನು ಹರಿಯುತ್ತದೆ, ಎಷ್ಟು ವೇಗದಲ್ಲಿ, ವರ್ಷದಲ್ಲಿ ಎಷ್ಟು ದಿನ ಸುಮ್ಮನೆ ನಿಂತಿರುತ್ತದೆ. ಇಷ್ಟು ಗೊತ್ತಾದರೆ ಅರ್ಧ ಆಯ್ಕೆ ಆದಂತೆ. ಹಳೇ ಲೈನಿಗೆ ಕೋಲ್ ಟಾರ್ ಎನಾಮಲ್ ಇರುತ್ತದೆ, ಹೊಸದಕ್ಕೆ ಮೂರು ಪದರದ ಪಾಲಿಥೀನ್, ಅಂದರೆ 3ಎಲ್‌ಪಿಇ. ಡೀಸೆಲ್, ಪೆಟ್ರೋಲ್ ವೇಗವಾಗಿ ಓಡುವ ಲೈನಿನಲ್ಲಿ ಒಳಗಿನ ತುಕ್ಕು ಕಮ್ಮಿ. ಕಚ್ಚಾ ತೈಲ ನಿಧಾನಕ್ಕೆ ಹೋಗುವ ಕಡೆ ನೀರು ಕೆಳಗೆ ಇಳಿದು ತಗ್ಗಿನಲ್ಲಿ ನಿಲ್ಲುತ್ತದೆ. ಅಲ್ಲಿ ಕೆಸರು ಕೂರುತ್ತದೆ, ಕೆಸರಿನ ಅಡಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. 2006ರ ಮಾರ್ಚ್‌ನಲ್ಲಿ ಅಲಾಸ್ಕಾದ ಪ್ರೂಡೋ ಬೇಯಲ್ಲಿ ಸುಮಾರು 2 ಲಕ್ಷ ಗ್ಯಾಲನ್ ಎಣ್ಣೆ ಹಿಮದ ಮೇಲೆ ಸೋರಿದ್ದು ಹೀಗೇ. ತೂತು ಬೆರಳಿನಷ್ಟೂ ಇರಲಿಲ್ಲ. ಆ ಲೈನಿನಲ್ಲಿ ವರ್ಷಗಟ್ಟಲೆ ಪಿಗ್ (ಹರಿವಿನ ಒತ್ತಡದಲ್ಲೇ ಪೈಪಿನೊಳಗೆ ಓಡಿ ಸ್ವಚ್ಛ ಮಾಡುವ ಅಥವಾ ತಪಾಸಣೆ ಮಾಡುವ ಉಪಕರಣ) ಓಡಿಸಿರಲಿಲ್ಲ.

ಮುಂಬೈಯಲ್ಲಿ ಇನ್ನೊಂದು ಫೈಲ್ ನೋಡಲೇಬೇಕು, ಅದು ರೈಲ್ವೆಯದು. ನಮ್ಮ ಲೋಕಲ್ ರೈಲು 1925ರಲ್ಲಿ ವಿಟಿಯಿಂದ ಕುರ್ಲಾಗೆ ಕರೆಂಟಿನ ಮೇಲೆ ಓಡಲು ಶುರುವಾದಾಗ ಅದು 1500 ವೋಲ್ಟ್ ಡಿಸಿ. ಹಾರ್ಬರ್ ಲೈನಿನಲ್ಲಿ ಆ ಡಿಸಿ 2016ರ ತನಕ ಇತ್ತು. ಡಿಸಿ ಕರೆಂಟ್ ಹಳಿಯಿಂದ ಮಣ್ಣಿಗೆ ಸೋರಿ, ಪೈಪ್ ಸಿಕ್ಕರೆ ಅದರೊಳಗೆ ಹತ್ತಿ, ಸಬ್‌ಸ್ಟೇಷನ್ ಹತ್ತಿರ ಇಳಿಯುತ್ತದೆ. ಇಳಿಯುವ ಜಾಗದಲ್ಲಿ ಕಬ್ಬಿಣವನ್ನು ಜೊತೆಗೇ ಒಯ್ಯುತ್ತದೆ. ಒಂದು ಆಂಪಿಯರ್ ಡಿಸಿ ಒಂದು ವರ್ಷ ಹೀಗೆ ಹೊರಟರೆ ಸುಮಾರು 9 ಕಿಲೋ ಕಬ್ಬಿಣ ಹೋಗುತ್ತದೆ. ಅಷ್ಟೂ ಒಂದೇ ಕಡೆಯಿಂದ ಹೋದರೆ? ಚೆಂಬೂರು, ಗೋವಂಡಿ, ಮಾನ್‌ಖುರ್ದ್ ಕಡೆ ಹಳಿಯ ಪಕ್ಕದಲ್ಲಿ 2016ಕ್ಕಿಂತ ಮೊದಲು ಹಾಕಿದ ಲೈನ್ ನಿಮ್ಮದಾಗಿದ್ದರೆ, ಈಗಿನ ಸಿಪಿ (ಕ್ಯಾಥೋಡಿಕ್ ಪ್ರೊಟೆಕ್ಷನ್, ತುಕ್ಕು ತಡೆಯಲು ಪೈಪಿಗೆ ಕೊಡುವ ಕರೆಂಟ್) ರೀಡಿಂಗ್ ಎಷ್ಟೇ ಚೆನ್ನಾಗಿರಲಿ, ಹಳೇ ಗಾಯ ಹಾಗೇ ಇರಬಹುದು. ಗೋಡೆಯ ದಪ್ಪ ಅಳೆಯದೆ ಬಿಡಬೇಡಿ.

ಈಗ ಓಡುವುದು 25 ಸಾವಿರ ವೋಲ್ಟ್ ಎಸಿ. ಮುಂಬೈ, ಪುಣೆ ಮೆಟ್ರೋಗಳೂ ಅದೇ. ಎಸಿ ಅಷ್ಟೊಂದು ತಿನ್ನುವುದಿಲ್ಲ ನಿಜ. ಆದರೆ ಒಳ್ಳೆ ಕೋಟಿಂಗ್ ಇದ್ದು ಅದರಲ್ಲಿ ಸಾಸಿವೆ ಕಾಳಿನಷ್ಟು ತೂತಿದ್ದರೆ ಕರೆಂಟೆಲ್ಲ ಅಲ್ಲೇ ನುಗ್ಗುತ್ತದೆ, ಅಲ್ಲೂ ತುಕ್ಕು ಬರುತ್ತದೆ. ಬೆಂಗಳೂರಿಗೆ ವರ್ಗವಾಗುವವರಿಗೆ ಒಂದು ಮಾತು: ನಮ್ಮ ಮೆಟ್ರೋ 750 ವೋಲ್ಟ್ ಡಿಸಿ. ಮುಂಬೈಯ ಹಳೇ ತಲೆನೋವನ್ನು ನೀವು ಅಲ್ಲಿ ಹೊಸದಾಗಿ ನೋಡಬಹುದು.

ಪಿಗ್ ಓಡುವ ಲೈನಾದರೆ: ಎಂಎಫ್‌ಎಲ್ ಅಥವಾ ಯುಟಿ

ಪಿಗ್ ಒಳಗೆ ಬಿಡುವ ಲಾಂಚರ್, ಹೊರಗೆ ತೆಗೆಯುವ ರಿಸೀವರ್ ಇದೆ, ಬೆಂಡುಗಳು ತೀರಾ ಚೂಪಾಗಿಲ್ಲ, ವಾಲ್ವುಗಳು ಪೂರ್ತಿ ಬಾಯಿ ಬಿಡುತ್ತವೆ. ಹಾಗಿದ್ದರೆ ಇಂಟೆಲಿಜೆಂಟ್ ಪಿಗ್ಗಿಂಗ್ (ಸೆನ್ಸರ್ ಇರುವ ಪಿಗ್ ಓಡಿಸುವುದು) ಬಿಟ್ಟು ಬೇರೆ ಕಡೆ ನೋಡಬೇಡಿ. ಮುಂಬೈ–ಪುಣೆ–ಸೊಲ್ಲಾಪುರ, ಮುಂಬೈ–ಮನ್ಮಾಡ್ ತರಹದ ಉದ್ದದ ಲೈನುಗಳಿಗೆ ಇದೇ ಸರಿ. ಪೈಪಿನ ಪ್ರತಿ ಅಡಿಯನ್ನೂ ಒಳಗಿನಿಂದ ನೋಡುವ ದಾರಿ ಬೇರೆ ಇಲ್ಲ.

ಎಂಎಫ್‌ಎಲ್ ಪಿಗ್ ಹೊಟ್ಟೆಯಲ್ಲಿ ದೊಡ್ಡ ಆಯಸ್ಕಾಂತ ಇಟ್ಟುಕೊಂಡು ಹೋಗುತ್ತದೆ. ಬ್ರಷ್ ಮೂಲಕ ಪೈಪ್ ಗೋಡೆಯನ್ನು ಪೂರ್ತಿ ಕಾಂತೀಯಗೊಳಿಸುತ್ತದೆ. ಗೋಡೆ ತೆಳುವಾದ ಕಡೆ ಕಾಂತಕ್ಷೇತ್ರ ಹೊರಗೆ ಸೋರುತ್ತದೆ, ಸೆನ್ಸರ್ ಅದನ್ನು ಬರೆದುಕೊಳ್ಳುತ್ತದೆ. ಇದರ ದೊಡ್ಡ ಗುಣ ಗಟ್ಟಿತನ. ಸ್ವಲ್ಪ ಕೊಳೆ ಇದ್ದರೂ ಓಡುತ್ತದೆ, ಎಣ್ಣೆಯಲ್ಲೂ ಗ್ಯಾಸಿನಲ್ಲೂ ಓಡುತ್ತದೆ, ವೇಗ ಜಾಸ್ತಿಯಾದರೂ ತಡೆದುಕೊಳ್ಳುತ್ತದೆ, ಸಣ್ಣ ಗುಳಿಗಳನ್ನೂ ಚೆನ್ನಾಗಿ ಹಿಡಿಯುತ್ತದೆ. ಆದರೆ ಅದು ದಪ್ಪವನ್ನು ಅಳೆಯುವುದಿಲ್ಲ, ಸೋರಿದ ಕಾಂತಕ್ಷೇತ್ರ ನೋಡಿ ಲೆಕ್ಕ ಹಾಕುತ್ತದೆ. ಹಾಗಾಗಿ ಗೋಡೆಯ ದಪ್ಪದಲ್ಲಿ ಶೇ 10 ಹಿಂದೆ ಮುಂದೆ ಆಗಬಹುದು ಅಂತ ಅವರ ಸ್ಪೆಸಿಫಿಕೇಶನ್ನಿನಲ್ಲೇ ಬರೆದಿರುತ್ತಾರೆ, ಅದೂ ಶೇ 80 ಖಾತ್ರಿಯಲ್ಲಿ. ಅಂದರೆ ಹತ್ತರಲ್ಲಿ ಎರಡು ರೀಡಿಂಗ್ ಆ ಮಿತಿಯ ಹೊರಗೂ ಇರಬಹುದು. ಪೈಪಿನ ಉದ್ದಕ್ಕೆ ಕೂದಲೆಳೆಯಂತೆ ಇರುವ ಬಿರುಕು ಇದಕ್ಕೆ ಕಾಣುವುದೇ ಇಲ್ಲ ಅನ್ನಬಹುದು. ಅದಕ್ಕೆ ಸುತ್ತಳತೆಯಲ್ಲಿ ಕಾಂತೀಯಗೊಳಿಸುವ ಬೇರೆ ಮಾದರಿಯ ಎಂಎಫ್‌ಎಲ್ ಇದೆ.

ಯುಟಿ ಪಿಗ್ ಶಬ್ದದಲೆ ಬಿಟ್ಟು, ಗೋಡೆಯ ಎರಡೂ ಮುಖದಿಂದ ಬಂದ ಪ್ರತಿಧ್ವನಿಯ ಅಂತರದಿಂದ ನೇರವಾಗಿ ದಪ್ಪ ಅಳೆಯುತ್ತದೆ. ಮಿಲಿಮೀಟರಿನ ಅರ್ಧದಷ್ಟು ತಪ್ಪಷ್ಟೇ. ದಪ್ಪ ಗೋಡೆಯ ಪೈಪಿಗೆ, ಉದಾಹರಣೆಗೆ ಸಮುದ್ರದ ಅಡಿಯ ಲೈನಿಗೆ, ಇದು ಒಳ್ಳೆಯದು. ದಪ್ಪ ಜಾಸ್ತಿಯಾದಷ್ಟೂ ಎಂಎಫ್‌ಎಲ್‌ನ ಆಯಸ್ಕಾಂತ ಸೋಲುತ್ತದೆ. ಆದರೆ ಯುಟಿಗೆ ಎರಡು ಹಟ ಇವೆ. ಸೆನ್ಸರಿಗೂ ಗೋಡೆಗೂ ನಡುವೆ ದ್ರವ ಬೇಕೇ ಬೇಕು. ಎಣ್ಣೆ ಲೈನಿಗೆ ಇದು ತೊಂದರೆ ಅಲ್ಲ ಬಿಡಿ. ಗೋಡೆ ತೊಳೆದಿಟ್ಟ ಹಾಗೆ ಇರಬೇಕು, ತೊಂದರೆ ಇರುವುದು ಇದರಲ್ಲಿ. ಮುಂಬೈ ಹೈ ಕಚ್ಚಾ ತೈಲದಲ್ಲಿ ಮೇಣ ಜಾಸ್ತಿ, 30 ಡಿಗ್ರಿ ಆಸುಪಾಸಿನಲ್ಲೇ ಹೆಪ್ಪುಗಟ್ಟಲು ಶುರುವಾಗುತ್ತದೆ. ಗೋಡೆಗೆ ಮೇಣದ ಪದರ ಕೂತರೆ ಶಬ್ದ ಅಲ್ಲೇ ಸಾಯುತ್ತದೆ. ರಿಪೋರ್ಟಿನಲ್ಲಿ "ಎಕೋ ಲಾಸ್" ಅಂತ ಉದ್ದುದ್ದ ಬಿಳಿ ಪಟ್ಟಿ ಬರುತ್ತದೆ. ಅಷ್ಟು ದೂರ ಏನೂ ನೋಡಿಲ್ಲ ಅಂತ ಅರ್ಥ.

ನನ್ನ ಲೆಕ್ಕ ಹೀಗೆ. ಮೇಣದ ಕಚ್ಚಾ ತೈಲ, ಹಳೇ ಲೈನ್, ಹೊರ ತುಕ್ಕಿನ ಅನುಮಾನ: ಎಂಎಫ್‌ಎಲ್. ಡೀಸೆಲ್, ಪೆಟ್ರೋಲ್ ತರಹದ ಸ್ವಚ್ಛ ಸರಕು, ದಪ್ಪ ಗೋಡೆ, ತಳದಲ್ಲಿ ಉದ್ದಕ್ಕೂ ಒಂದೇ ಸಮ ಸವೆದಿರಬಹುದು ಅನ್ನುವ ಅನುಮಾನ: ಯುಟಿ. ನಿಧಾನಕ್ಕೆ ಎಲ್ಲ ಕಡೆ ಸಮವಾಗಿ ತೆಳುವಾದ ಪೈಪನ್ನು ಎಂಎಫ್‌ಎಲ್ ಚೆನ್ನಾಗಿ ಹೇಳುವುದಿಲ್ಲ. ತೆಳು ಗೋಡೆ, ಚಿಕ್ಕ ಗುಳಿ ಆದರೆ ಮತ್ತೆ ಎಂಎಫ್‌ಎಲ್. ಬಿರುಕಿನ ಭಯ ಇದ್ದರೆ ಈ ಎರಡೂ ಅಲ್ಲ, ಓರೆಯಾಗಿ ಶಬ್ದ ಬಿಡುವ ಕ್ರ್ಯಾಕ್ ಯುಟಿ ಬೇಕು. ಗ್ಯಾಸ್ ಲೈನಾದರೆ ದ್ರವ ಇಲ್ಲದೆಯೇ ಶಬ್ದದಲೆ ಬಿಡುವ ಇಮ್ಯಾಟ್.

ಯಾವ ಪಿಗ್ ಆದರೂ ಮೊದಲು ಸ್ವಚ್ಛ ಮಾಡುವ ಓಟ, ಆಮೇಲೆ ಗೇಜ್ ಪ್ಲೇಟ್. ಈ ಹಂತದಲ್ಲಿ ಜುಗ್ಗತನ ಮಾಡುವವರೇ ಜಾಸ್ತಿ. ಗೇಜ್ ಪ್ಲೇಟ್ ಅಂದರೆ ಪೈಪಿನ ಒಳವ್ಯಾಸಕ್ಕಿಂತ ಸ್ವಲ್ಪ ಚಿಕ್ಕದಾದ, ಅಂಚಿನಲ್ಲಿ ಸೀಳಿದ ಅಲ್ಯುಮಿನಿಯಂ ತಟ್ಟೆ. ರಿಸೀವರ್ ಬಾಗಿಲು ತೆಗೆದಾಗ ಮೊದಲು ಕರಿ ಮೇಣದ ಮುದ್ದೆ ಟ್ರೇಗೆ ಬೀಳುತ್ತದೆ, ಅದರ ಹಿಂದೆ ಪಿಗ್. ಚಿಂದಿಯಲ್ಲಿ ತಟ್ಟೆ ಒರೆಸಿ, ಸುತ್ತ ಬೆರಳಾಡಿಸಿ ನೋಡುತ್ತಾರೆ. ಎರಡು ಎಸಳು ಹಿಂದಕ್ಕೆ ಮಡಚಿದ್ದರೆ ಎಲ್ಲೋ ಡೆಂಟ್ ಇದೆ ಅಂತ ಅರ್ಥ. ಅದು ಎಲ್ಲಿದೆ ಅಂತ ಒಳವ್ಯಾಸ ಅಳೆಯುವ ಕ್ಯಾಲಿಪರ್ ಪಿಗ್ ಓಡಿಸಿ ಪತ್ತೆ ಮಾಡುವ ತನಕ ಕೋಟಿಗಟ್ಟಲೆ ಬೆಲೆಯ ಮೆಷಿನನ್ನು ಒಳಗೆ ಬಿಡುವ ಧೈರ್ಯ ಯಾರಿಗೂ ಇರಬಾರದು. ಸಿಕ್ಕಿಕೊಂಡ ಪಿಗ್ಗನ್ನು ಪೈಪ್ ಕೊಯ್ದೇ ತೆಗೆಯಬೇಕು.

ಮೆಷಿನ್ ನೋಡಿದ್ದನ್ನು ಮನುಷ್ಯ ಓದಬೇಕು, ಅಲ್ವಾ? 2015ರ ಮೇ 19ರಂದು ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾ ತೀರದಲ್ಲಿ ಒಡೆದ ಲೈನಿನಲ್ಲಿ ಎರಡು ವಾರ ಮೊದಲಷ್ಟೇ ಪಿಗ್ ಓಡಿತ್ತು. ಅದರ ಲೆಕ್ಕದಲ್ಲಿ ಆ ಜಾಗದ ಸವೆತ ಗೋಡೆಯ ಅರ್ಧಕ್ಕಿಂತ ಕಮ್ಮಿ. ಒಡೆದ ಮೇಲೆ ಅಳೆದರೆ ಶೇ 89. 2010ರ ಜುಲೈ 25ರಂದು ಮಿಶಿಗನ್‌ನ ಮಾರ್ಷಲ್‌ನಲ್ಲಿ ಒಡೆದ 30 ಇಂಚಿನ ಲೈನಿನ ಕಥೆ ಇನ್ನೂ ಕಹಿ. ಅಲ್ಲಿನ ಬಿರುಕು 2005ರ ತಪಾಸಣೆಯಲ್ಲೇ ಕಂಡಿತ್ತು. ಅಗೆದು ನೋಡುವಷ್ಟು ದೊಡ್ಡದಲ್ಲ ಅಂತ ಪಟ್ಟಿಯಲ್ಲೇ ಬಿಟ್ಟರು. ಅದಕ್ಕೇ ನಾನು ಹೇಳುವುದು, ಪಿಗ್ಗಿಂಗ್ ಬಜೆಟ್ ಹಾಕುವಾಗಲೇ ಗುಂಡಿ ತೋಡುವ ಬಜೆಟ್ಟೂ ಹಾಕಿ. ಕನಿಷ್ಠ ಕೆಲವು ಜಾಗ ಅಗೆದು, ಕೈಯಲ್ಲಿ ಅಳೆದು, ಪಿಗ್ ಹೇಳಿದ್ದಕ್ಕೂ ಅಲ್ಲಿರುವುದಕ್ಕೂ ಎಷ್ಟು ವ್ಯತ್ಯಾಸ ಅಂತ ನೋಡದೆ ರಿಪೋರ್ಟಿಗೆ ಸಹಿ ಹಾಕಬಾರದು. ಗುಂಡಿ ಕೆಲಸ ಮಳೆಗಾಲ ಕಳೆದ ಮೇಲೆ. ಜೂನಿನಲ್ಲಿ ಕೊಂಕಣದ ನೆಲ ಅಗೆಯಲು ಹೊರಟರೆ ಗುಂಡಿಗಿಂತ ಪಂಪ್ ಸೆಟ್ಟಿನದೇ ಖರ್ಚು.

ಪಿಗ್ ಓಡದ ಲೈನಾದರೆ

ಜೆಟ್ಟಿಯಿಂದ ಟ್ಯಾಂಕಿಗೆ ಹೋಗುವ ಎರಡು ಮೂರು ಕಿಲೋಮೀಟರಿನ ಲೈನು, ಟರ್ಮಿನಲ್ ಒಳಗಿನ ಲೈನು, ರಸ್ತೆ ದಾಟುವ ತುಂಡು. ಇವಕ್ಕೆ ಲಾಂಚರ್ ಇರುವುದಿಲ್ಲ, ವ್ಯಾಸ ನಡುವೆ ಬದಲಾಗುತ್ತದೆ. ಫೋನ್ ಮಾಡುವ ಹುಡುಗರಲ್ಲಿ ಹೆಚ್ಚಿನವರ ಲೈನು ಇಂಥದ್ದೇ.

ಹೊರ ತುಕ್ಕಿನ ಅನುಮಾನ ಇದ್ದರೆ ಇಸಿಡಿಎ, ಅಂದರೆ ಮೇಲಿನಿಂದ ಸರ್ವೆ ಮಾಡಿ, ಅನುಮಾನ ಬಂದಲ್ಲಿ ಅಗೆದು ನೋಡುವುದು. ಸರ್ವೆಯಲ್ಲಿ ಎರಡು ಮುಖ್ಯ. ಸಿಐಪಿಎಸ್‌ನಲ್ಲಿ ಒಬ್ಬ ಪೈಪಿನ ಮೇಲೆಯೇ ನಡೆಯುತ್ತಾ ಮೀಟರಿಗೊಮ್ಮೆ ಕಾಪರ್ ಸಲ್ಫೇಟ್ ಎಲೆಕ್ಟ್ರೋಡ್ ಊರಿ ಪೊಟೆನ್ಷಿಯಲ್ ನೋಡುತ್ತಾನೆ. ಸಿಪಿ ಕರೆಂಟ್ ಆರಿದ ಕ್ಷಣದಲ್ಲಿ ಮೈನಸ್ 850 ಮಿಲಿವೋಲ್ಟ್ ಅಥವಾ ಅದಕ್ಕಿಂತ ಕೆಳಗೆ ಇರಬೇಕು. ತೀರಾ ಕೆಳಗೆ, ಮೈನಸ್ 1200 ದಾಟಿದರೆ ಕೋಟಿಂಗೇ ಎದ್ದು ಬರುತ್ತದೆ. ಡಿಸಿವಿಜಿಯಲ್ಲಿ ಎರಡು ಕೋಲು ಊರಿ, ಮೀಟರಿನ ಮುಳ್ಳು ಯಾವ ಕಡೆ ಹೊಡೆಯುತ್ತದೆ ಅಂತ ನೋಡುತ್ತಾ ಹೋಗುತ್ತಾರೆ. ಮುಳ್ಳು ತಿರುಗಿ ಬಿದ್ದ ಜಾಗದಲ್ಲೇ ಕೋಟಿಂಗ್ ತೂತು. ಮೊದಲನೆಯದು ರಕ್ಷಣೆ ಸಾಕಾಗುತ್ತಿದೆಯಾ ಅಂತ ಹೇಳುತ್ತದೆ, ಎರಡನೆಯದು ಕೋಟಿಂಗ್ ಎಲ್ಲಿ ಹೋಗಿದೆ ಅಂತ. ಒಂದನ್ನೇ ಮಾಡಿಸುವಷ್ಟು ದುಡ್ಡಿದ್ದರೆ ಹಳೇ ಲೈನಿಗೆ ಸಿಐಪಿಎಸ್, ಹೊಸ ಲೈನಿಗೆ ಡಿಸಿವಿಜಿ ಅನ್ನುತ್ತೇನೆ. ಎರಡನ್ನೂ ಮಾಡಿಸಿದರೆ ಇನ್ನೂ ಒಳ್ಳೆಯದು.

ಖಂಡಾಲಾ ಘಾಟಿನ ಕರಿಕಲ್ಲು, ಗೋವಾದ ಮುರಕಲ್ಲು ನೆಲದಲ್ಲಿ ಬೇಸಿಗೆಯಲ್ಲಿ ಎಲೆಕ್ಟ್ರೋಡಿಗೆ ಮಣ್ಣೇ ಸಿಗುವುದಿಲ್ಲ. ಕ್ಯಾನಿನಲ್ಲಿ ನೀರು ಹೊತ್ತು, ಸುರಿದು, ನೆನೆಸಿ ರೀಡಿಂಗ್ ತೆಗೆಯಬೇಕು. ಕಾಂಕ್ರೀಟ್ ಹಾಕಿದ ರಸ್ತೆಯಲ್ಲಿ ತೂತು ಕೊರೆಯಬೇಕು. ಮುಂಬೈಯಲ್ಲಿ ಇದಕ್ಕೆ ಪರ್ಮಿಷನ್ ಸಿಗುವಷ್ಟರಲ್ಲಿ ಇನ್ನೊಂದು ಮಳೆಗಾಲ ಬಂದಿರುತ್ತದೆ. ಇನ್ನೂ ಒಂದು ಮಿತಿ ಇದೆ. ಟೇಪ್ ಕೋಟಿಂಗ್ ಎದ್ದು, ಹರಿಯದೆ, ಗುಳ್ಳೆಯಂತೆ ನಿಂತರೆ ಅದರ ಒಳಗೆ ನೀರು ಸೇರುತ್ತದೆ. ಸಿಪಿ ಕರೆಂಟ್ ಒಳಗೆ ಹೋಗುವುದಿಲ್ಲ, ಸರ್ವೆಯಲ್ಲೂ ಕಾಣುವುದಿಲ್ಲ. ಮಾರ್ಷಲ್‌ನಲ್ಲಿ ಬಿರುಕು ಬೆಳೆದದ್ದು ಇಂಥ ಟೇಪಿನ ಅಡಿಯಲ್ಲೇ. ಒಳಗಿನ ತುಕ್ಕಂತೂ ಮೇಲಿನ ಯಾವ ಸರ್ವೆಗೂ ಸಿಗದು.

ಎಲ್‌ಆರ್‌ಯುಟಿ ಮಾರುವವರು ಈಗ ಜಾಸ್ತಿ. ಪೈಪಿಗೆ ಒಂದು ಪಟ್ಟಿ ಕಟ್ಟಿ ಎರಡೂ ಕಡೆಗೆ ಶಬ್ದದಲೆ ಬಿಡುತ್ತಾರೆ, ತೆಂಗಿನಕಾಯಿ ತಟ್ಟಿ ಒಳಗೆ ಹೇಗಿದೆ ಅಂತ ಅಂದಾಜು ಮಾಡುವ ಹಾಗೆ. ನೆಲದ ಮೇಲಿನ ಪೈಪಿನಲ್ಲಿ ಹತ್ತಾರು ಮೀಟರ್ ಕಾಣುತ್ತದೆ. ಮಣ್ಣಿನಡಿ ಕೋಲ್ ಟಾರ್ ಸುತ್ತಿದ ಪೈಪಿನಲ್ಲಿ ಅದರ ಒಂದು ಪಾಲೂ ಕಾಣುವುದಿಲ್ಲ. ಅದು ಹೇಳುವುದು ಅಡ್ಡಕೊಯ್ತದಲ್ಲಿ ಎಷ್ಟು ಲೋಹ ಹೋಗಿದೆ ಅಂತ, ಎಷ್ಟು ಆಳದ ಗುಳಿ ಅಂತ ಅಲ್ಲ. ಒಂದು ಚಿಕ್ಕ ಆಳವಾದ ಗುಳಿ ತಪ್ಪಿಸಿಕೊಳ್ಳಬಹುದು. ರೈಲ್ವೆ ಹಳಿಯಡಿ ಹೋಗುವ ತುಂಡು, ಕಟ್ಟೆಯ ಗೋಡೆ ತೂರಿ ಹೋಗುವ ಜಾಗ, ಕೈ ಹೋಗದ ಸಪೋರ್ಟ್ ಅಡಿ, ಇಲ್ಲಿ ಇದು ತುಂಬಾ ಉಪಯೋಗ. ಮೂರು ಕಿಲೋಮೀಟರ್ ಹೂತ ಲೈನನ್ನು ಬರೀ ಇದರಿಂದ ಪಾಸ್ ಮಾಡಿದರೆ ನಾನು ಒಪ್ಪುವುದಿಲ್ಲ.

ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನಲ್ಲಿ, ಖಾಡಿಯ ಕೆಸರಿನಲ್ಲಿ ಹೋದ ಲೈನಿಗೆ ಲೆಕ್ಕವೇ ಬೇರೆ. ಮಹಾರಾಷ್ಟ್ರದಲ್ಲಿ ಕಾಂಡ್ಲಾ ಗಿಡ ಮುಟ್ಟಲು ಹೈಕೋರ್ಟ್ ಅನುಮತಿಯ ತನಕ ಹೋಗಬೇಕು. ಅಗೆಯಲು ಆಗದ ಕಡೆ "ಅಗೆದು ನೋಡಿ" ಅನ್ನುವ ವಿಧಾನ ಆರಿಸಿ ಏನು ಪ್ರಯೋಜನ? ಅಲ್ಲಿ ಹೋಗಿ ವಾಪಸ್ ಬರುವ ಬೈ-ಡೈರೆಕ್ಷನಲ್ ಪಿಗ್, ಇಲ್ಲವೇ ಕೇಬಲ್ ಕಟ್ಟಿ ಎಳೆಯುವ ಟೂಲ್ ನೋಡಿ. ಒಂದೇ ಬಾಯಿ ಸಾಕು. ಲೈನ್ ನಿಲ್ಲಿಸಬೇಕಾಗುತ್ತದೆ, ದರವೂ ಕಿಲೋಮೀಟರಿಗೆ ದುಬಾರಿ. ಆದರೂ ಜೆಟ್ಟಿ ಲೈನುಗಳಿಗೆ ನನ್ನ ಮೊದಲ ಆಯ್ಕೆ ಇದೇ. ಹಡಗು ಇಲ್ಲದ ದಿನ ಅವು ಹೇಗೂ ಖಾಲಿ ನಿಂತಿರುತ್ತವೆ.

ಹೈಡ್ರೋಟೆಸ್ಟ್ ಬಗ್ಗೆ ಜನರಿಗೆ ಪ್ರೀತಿ ಜಾಸ್ತಿ, ಯಾಕಂದರೆ ಫಲಿತಾಂಶ ಪಾಸ್ ಅಥವಾ ಫೇಲ್. ನೀರು ತುಂಬಿ, ನಡೆಸುವ ಒತ್ತಡದ 1.25 ಪಟ್ಟು ಏರಿಸಿ ಹಿಡಿಯುವುದು. ಬಿರುಕಿನ ಅನುಮಾನಕ್ಕೆ ಇದು ಗಟ್ಟಿ ಪರೀಕ್ಷೆ, ಹೊಸ ಲೈನಿಗೆ ಬೇಕೇ ಬೇಕು. ಆದರೆ ಇವತ್ತು ಒಡೆಯದ ಗುಳಿ ಮುಂದಿನ ವರ್ಷ ಒಡೆಯುತ್ತದೆಯಾ ಅಂತ ಅದು ಹೇಳುವುದಿಲ್ಲ. ಗೋಡೆ ಶೇ 60 ಸವೆದಿದ್ದರೂ ಸಣ್ಣ ಗುಳಿಯಾದರೆ ಪಾಸಾಗಬಹುದು. ಎಣ್ಣೆ ಬೆರೆತ ನೀರನ್ನು ಎಲ್ಲಿ ಬಿಡುತ್ತೀರಿ ಅಂತ ಮೊದಲೇ ಯೋಚಿಸಿ. ಒಳಗೆ ಉಳಿದ ನೀರು ಹೊಸ ತುಕ್ಕಿಗೆ ದಾರಿ.

ಮತ್ತೆ ಯಾವಾಗ?

ಇಲ್ಲಿ ಒಂದು ಲೆಕ್ಕ ಮಾಡೋಣ. ಪೈಪ್ ದಪ್ಪ 6.4 ಮಿಲಿಮೀಟರ್. 12 ವರ್ಷದಲ್ಲಿ ಶೇ 30 ಸವೆದಿದೆ ಅಂತ ಪಿಗ್ ಹೇಳುತ್ತದೆ. ಶೇ 60ಕ್ಕೆ ರಿಪೇರಿ ಅಂತ ನೀವು ಮಿತಿ ಇಟ್ಟುಕೊಂಡಿದ್ದೀರಿ. ಇದೇ ವೇಗದಲ್ಲಿ ಅಲ್ಲಿಗೆ ಮುಟ್ಟಲು ಇನ್ನೂ 12 ವರ್ಷ. ಅದರ ಅರ್ಧಕ್ಕೆ, ಅಂದರೆ 6 ವರ್ಷಕ್ಕೆ ಮತ್ತೆ ನೋಡಿದರಾಯಿತು. ಈಗ ಟೂಲಿನ ಶೇ 10 ತಪ್ಪನ್ನು ಸೇರಿಸಿ. ನಿಜವಾದ ಸವೆತ ಶೇ 40 ಇರಬಹುದು. ಆಗ ವರ್ಷಕ್ಕೆ 0.21 ಮಿಲಿಮೀಟರ್, ಉಳಿದದ್ದು 1.28 ಮಿಲಿಮೀಟರ್, ಅಂದರೆ 6 ವರ್ಷ. ಅರ್ಧ ಮಾಡಿದರೆ 3. ಒಂದೇ ರಿಪೋರ್ಟು, ಒಂದೇ ಪೈಪು, ಮುಂದಿನ ತಪಾಸಣೆ 6 ವರ್ಷದಿಂದ 3ಕ್ಕೆ ಬಂತು. ಅಗ್ಗದ ಟೂಲಿನಲ್ಲಿ ಈ ತಪ್ಪು ಇನ್ನೂ ದೊಡ್ಡದು, ಹಾಗಾಗಿ ಅದು ಬೇಗ ಬೇಗ ಮಾಡಿಸಬೇಕಾದ ಟೂಲು. ಕೊಟೇಶನ್ ಹೋಲಿಸುವಾಗ ಒಂದು ಓಟದ ಬೆಲೆ ನೋಡಬೇಡಿ, ಹತ್ತು ವರ್ಷದ ಬೆಲೆ ನೋಡಿ.

ಕಾವಲು

ತಪಾಸಣೆಗೂ ತಪಾಸಣೆಗೂ ನಡುವೆ ಲೈನ್ ಕಾಯುವುದು ಬೇರೆ ಕೆಲಸ. ಒಳಬಂದ ಎಣ್ಣೆ, ಹೊರಹೋದ ಎಣ್ಣೆ ತಾಳೆ ನೋಡುವ ಸಾಫ್ಟ್‌ವೇರ್ ದೊಡ್ಡ ಸೋರಿಕೆಯನ್ನು ನಿಮಿಷಗಳಲ್ಲಿ ಹಿಡಿಯುತ್ತದೆ. ಹನಿಹನಿ ಸೋರುವುದು, ಕಳ್ಳ ಟ್ಯಾಪ್ ಹಾಕಿ ಸ್ವಲ್ಪ ಸ್ವಲ್ಪ ಎಳೆಯುವುದು ಅದರ ಕಣ್ಣಿಗೆ ಬೀಳುವುದಿಲ್ಲ. ಪಕ್ಕದಲ್ಲಿ ಹೂತ ಆಪ್ಟಿಕಲ್ ಫೈಬರ್ ಗುದ್ದಲಿ ಸದ್ದನ್ನೂ ಹಿಡಿಯುತ್ತದೆ, ಆದರೆ ಹೆದ್ದಾರಿ ಪಕ್ಕ ಸುಳ್ಳು ಅಲಾರಂ ಜಾಸ್ತಿ. ಇಷ್ಟಾದರೂ ಲೈನ್ ವಾಕರ್ ಬೇಕು. ಹುಲ್ಲು ಒಂದು ಕಡೆ ಮಾತ್ರ ಯಾಕೆ ಒಣಗಿದೆ, ರಾತ್ರಿ ಟ್ಯಾಂಕರ್ ಯಾಕೆ ಬಂದಿತ್ತು ಅಂತ ಊರವರ ಹತ್ತಿರ ಮಾತಾಡಿ ತಿಳಿಯುವವನು ಅವನೇ. ಸೊಲ್ಲಾಪುರದ ಕಡೆ ಹೋದರೆ ಈ ಮಾತುಕತೆ ಎಷ್ಟೋ ಸಲ ಕನ್ನಡದಲ್ಲೇ ನಡೆಯುತ್ತದೆ. ಮಾರ್ಷಲ್‌ನಲ್ಲಿ ಅಲಾರಂ ಬಂದಿತ್ತು. ಕಂಟ್ರೋಲ್ ರೂಮಿನವರು ಅದನ್ನು ಬೇರೆ ಅರ್ಥ ಮಾಡಿಕೊಂಡು, ಎರಡು ಸಲ ಪಂಪ್ ಮತ್ತೆ ಶುರು ಮಾಡಿ, 17 ಗಂಟೆ ಕಳೆದರು.

ರಿಪೇರಿ ಯಾವುದು?

ಹೊರಗಿನ ತುಕ್ಕು, ತೂತು ಬಿದ್ದಿಲ್ಲ, ಲೈನ್ ನಿಲ್ಲಿಸುವಂತಿಲ್ಲ: ಕಾಂಪೊಸಿಟ್ ಸುತ್ತು, ಅಂದರೆ ಅಂಟುರಾಳದ ಜೊತೆ ಗಟ್ಟಿ ನಾರಿನ ಪಟ್ಟಿ ಸುತ್ತುವುದು. ವೆಲ್ಡಿಂಗ್ ಬೇಡ, ಬೆಂಕಿ ಪರ್ಮಿಟ್ ತಲೆನೋವಿಲ್ಲ. ಒಳಗಿನಿಂದ ತಿನ್ನುತ್ತಿದ್ದರೆ ಇದು ಬೇಡ, ಸುತ್ತಿನ ಅಡಿಯಲ್ಲಿ ತುಕ್ಕು ಮುಂದುವರಿಯುತ್ತದೆ. ಬಿರುಕಿಗೂ ಬೇಡ. ಸ್ಲೀವ್ ಅಂದರೆ ಪೈಪಿನ ಸುತ್ತ ತೊಡಿಸುವ ಉಕ್ಕಿನ ತೋಳು. ಟೈಪ್ ಎ ಸ್ಲೀವ್ ಪೈಪಿಗೆ ಬಲ ಕೊಡುತ್ತದೆ, ಒತ್ತಡ ಹಿಡಿಯುವುದಿಲ್ಲ. ಎರಡೂ ತುದಿ ಪೈಪಿಗೇ ವೆಲ್ಡ್ ಮಾಡುವ ಟೈಪ್ ಬಿ ಸೋರಿಕೆಯನ್ನೂ ಹಿಡಿಯುತ್ತದೆ. ಆದರೆ ಹರಿಯುವ ಎಣ್ಣೆ ವೆಲ್ಡಿನ ಬಿಸಿಯನ್ನು ಸೆಳೆದು ಬೇಗ ತಣ್ಣಗಾಗಿಸುತ್ತದೆ, ವೆಲ್ಡ್ ಪಕ್ಕದಲ್ಲೇ ಬಿರುಕು ಬಿಡಬಹುದು. ಗೋಡೆ ತೆಳುವಾಗಿದ್ದರೆ ಕರಗಿ ತೂತಾಗುವ ಅಪಾಯ ಬೇರೆ. ಲೋ ಹೈಡ್ರೋಜನ್ ಎಲೆಕ್ಟ್ರೋಡ್, ಪಾಸಾದ ಪ್ರೊಸೀಜರ್, ಅದೇ ಪ್ರೊಸೀಜರಿನಲ್ಲಿ ಪಾಸಾದ ವೆಲ್ಡರ್, ಈ ಮೂರೂ ಇಲ್ಲದೆ ಓಡುವ ಲೈನಿಗೆ ಕಿಡಿ ತಾಗಿಸಬಾರದು. ಬೋಲ್ಟ್ ಕ್ಲಾಂಪ್ ತಾತ್ಕಾಲಿಕ. ನಮ್ಮಲ್ಲಿ ತಾತ್ಕಾಲಿಕ ಅಂದರೆ ಎಷ್ಟು ವರ್ಷ ಅಂತ ನಿಮಗೂ ಗೊತ್ತು. ಕ್ಲಾಂಪ್ ಹಾಕಿದ ದಿನವೇ ತೆಗೆಯುವ ತಾರೀಕು ರಿಜಿಸ್ಟರಿನಲ್ಲಿ ಬರೆಸಿ. ಪೈಪ್ ಕೊಯ್ದು ಹೊಸ ತುಂಡು ಹಾಕುವುದಕ್ಕೆ ಸಮ ಯಾವುದೂ ಇಲ್ಲ, ಲೈನ್ ನಿಲ್ಲಿಸಲು ಆದರೆ.

ಇನ್ನು ಆರ್ಡರ್ ಕೊಡುವಾಗ. ಮೂಲ ಡೇಟಾ ನಿಮ್ಮ ಕೈಗೆ ಬರಬೇಕು, ಬರೀ ಪಿಡಿಎಫ್ ಅಲ್ಲ. ಮುಂದಿನ ಸಲ ಬೇರೆ ಕಂಪನಿ ಬಂದರೆ ಎರಡು ಓಟವನ್ನು ಪಕ್ಕಪಕ್ಕ ಇಟ್ಟು ನೋಡಲು ಅದೇ ಬೇಕು. ಸೆನ್ಸರ್ ಕೆಟ್ಟೋ ವೇಗ ಜಾಸ್ತಿಯಾಗಿಯೋ ಡೇಟಾ ಹೋದರೆ ಮರು ಓಟ ಯಾರ ಖರ್ಚು ಅಂತ ಬರೆಸಿ. ಅಗೆದ ಜಾಗದ ಅಳತೆ ಅವರ ಲೆಕ್ಕಕ್ಕೆ ಹೊಂದದಿದ್ದರೆ ರಿಪೋರ್ಟ್ ತಿದ್ದಿಕೊಡಬೇಕು ಅಂತಲೂ ಬರೆಸಿ. ಕೊನೇ ಕಂತಿನ ದುಡ್ಡನ್ನು ಗುಂಡಿ ತೋಡಿ ಅಳೆಯುವ ತನಕ ಬಿಡುಗಡೆ ಮಾಡಬೇಡಿ.